ಅಚ್ಚಿನ ಕೀಲಿ

ಎಡಗೈಯಲ್ಲಿ ಎಫ್ಎನ್ ಒತ್ತಿ ಹಿಡಿದು, ಮೇಲಿನ ಸಾಲಿನ ಬಲತುದಿಯ
ಅಕ್ಷರ ಸವೆದ ಕೀಲಿಯನ್ನು ಒಮ್ಮೆ ಒತ್ತಬೇಕು.
ಏನೂ ಆಗುವುದಿಲ್ಲ.
ಮಿಂಚಿಲ್ಲ, ಟಕ್ಕೆನ್ನುವ ಸದ್ದಿಲ್ಲ,
ಪರದೆ ಹಾಗೇ ಇರುತ್ತದೆ,
ಅರ್ಜಿ ಕೊಟ್ಟರೂ ತಲೆಯೆತ್ತದ ಗುಮಾಸ್ತನ ಹಾಗೆ.
ಆದರೂ ಒಳಗೆಲ್ಲೋ ಅಚ್ಚು ಬಿದ್ದಿರುತ್ತದಂತೆ.
ನಂಬಬೇಕು.

ಹೊಯಿಗೆ ಬಜಾರು, ಹಂಚಿನ ಕಾರ್ಖಾನೆಯ ಲೆಕ್ಕದ ಕೋಣೆ.
ಪ್ರಿಂಟರ್ ಸತ್ತು ನಾಲ್ಕು ಮಳೆಗಾಲ ಆಯಿತು.
ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟ ಹುಡುಗ
ಈಗ ಕಂಕನಾಡಿಯಲ್ಲಿ ಅಂಗಡಿ ಇಟ್ಟಿದ್ದಾನೆ,
ನೆಲಕ್ಕೆ ಹಾಸುವ ಟೈಲ್ಸು, ಮಿರಿಮಿರಿ, ಗುಜರಾತಿನದು.
ಫೋನು ಮಾಡಿದರೆ, ಅದು ಯಾವ ಕಾಲದ್ದು ಬಾಯಿ, ಅನ್ನುತ್ತಾನೆ.
ಪೆನ್‌ಡ್ರೈವಿಗೆ ಹಾಕಿದರೆ ಬರೀ ಚೌಕ ಚೌಕ,
ಹೆಸರಿಲ್ಲ, ಅಂಕಿಯಿಲ್ಲ.
ಸೋಮವಾರ ಗುಜರಿಯವರು ಬರುತ್ತಾರೆ.
ಅಷ್ಟರೊಳಗೆ ನಾನ್ನೂರ ಹನ್ನೆರಡು ಜನರ ಪಿ.ಎಫ್. ಪುಟಗಳನ್ನು
ಒಂದೊಂದಾಗಿ ಪರದೆಗೆ ಕರೆದು ಚಿತ್ರ ತೆಗೆಯುವುದು
ನನ್ನ ಕೊನೆಯ ಕೆಲಸ.
ಯಾರೂ ಹೇಳಿದ್ದಲ್ಲ. ಸಂಬಳವೂ ಇಲ್ಲ.

ಇದು ಒಂದು ಸಲಕ್ಕೆ ಒಬ್ಬರನ್ನೇ ಹಿಡಿಯುತ್ತದೆ.
ಪೇಂಟ್ ತೆರೆದು ಅಂಟಿಸಿ, ಹೆಸರು ಕೊಟ್ಟು ಉಳಿಸುವ ಮೊದಲೇ
ಇನ್ನೊಬ್ಬರಿಗೆ ಕೈ ಹಾಕಿದರೆ
ಮೊದಲಿನವರು ಹೋದರು.
ಬೆಳಿಗ್ಗೆ ಹಸನಬ್ಬರನ್ನು ಹೀಗೆ ಎರಡು ಸಲ ಕಳೆದುಕೊಂಡೆ.
ಎರಡು ಸಲವೂ ತಪ್ಪಾಯ್ತು ಅಂದೆ,
ಗಟ್ಟಿಯಾಗಿ, ಖಾಲಿ ಕೋಣೆಗೆ.

ಆಚೆ ಶೆಡ್ಡಿನಲ್ಲಿ ಪ್ರೆಸ್ಸಿನ ಮುಂದೆ ಅಪ್ಪಿ ಪೂಜಾರ್ತಿ:
ಎಣ್ಣೆ ಸವರಿದ ಮಣ್ಣಿನ ಹಲಗೆ, ಅಚ್ಚಿನೊಳಗೆ, ಧಡ್,
ತೆಗೆ, ಅಂಚು ಕೊರೆ, ಅಟ್ಟಕ್ಕೆ ಇಡು, ಇನ್ನೊಂದು.
ಬೆನ್ನಿಗೆ ಏಡಿ ಮಾರ್ಕು ಬಿತ್ತೋ ಇಲ್ಲವೋ
ಹೆಬ್ಬೆರಳಲ್ಲೇ ತಡವಿ ನೋಡುತ್ತಿದ್ದಳು, ಕಣ್ಣು ಬೇರೆಲ್ಲೋ.
"ಬೆನ್ನಬಾಯಿ, ನಿಮ್ಮದಾದರೆ ಕೂತು ತಿನ್ನುವ ಕೆಲಸ."
ನೋಡು ಅಪ್ಪಿ, ಈಗ ನನಗೂ ಅಚ್ಚಿನ ಕೆಲಸ ಸಿಕ್ಕಿತು.
ಬೆಳಗಿನಿಂದ ತೊಂಬತ್ತೇಳು.
ನಿನ್ನ ಲೆಕ್ಕದಲ್ಲಿ ಅದು
ಮೊದಲ ಚಾಕ್ಕೆ ಮೊದಲಿನದ್ದು, ಗೊತ್ತು.

ಮೊಂತಿ ಕ್ರಾಸ್ತರ ಪುಟದಲ್ಲಿ ಮೂರು ತಿಂಗಳು ಜಮೆ ಬಿಟ್ಟುಹೋಗಿದೆ.
ನೋಡುವವರಿಗೆ ಕಾಣಲಿ ಎಂದು
ಬಾಣದ ಗುರುತನ್ನು ಸರಿಯಾಗಿ ಅದರ ಮೇಲೆ ನಿಲ್ಲಿಸಿ ಒತ್ತಿದೆ.
ಚಿತ್ರದಲ್ಲಿ ಖಾಲಿ ಜಾಗ ಉಂಟು,
ಬಾಣ ಇಲ್ಲ.

ಇನ್ನು ಆ ಗಡಿಯಾರ.
ಒಳಗಿನ ಚಿಕ್ಕ ಸೆಲ್ಲು ಒಣಗಿ, ಕರೆಂಟು ಹೋಗಿ ಬಂದಾಗಲೆಲ್ಲ
ಈ ಲ್ಯಾಪ್‌ಟಾಪಿಗೆ ಎರಡು ಸಾವಿರದ ಎಂಟು, ಜನವರಿ ಒಂದು.
ನಾಲ್ಕು ಸಲ ತಿದ್ದಿದೆ, ಐದನೆಯ ಸಲ ಬಿಟ್ಟೆ.
ವಕೀಲರು ಫೋನಿನಲ್ಲಿ ನೋಡಿ ಹೇಳಿದರು,
"ಮೂಲೆಯಲ್ಲಿ ತಾರೀಕು ತಪ್ಪುಂಟಲ್ಲ ಬಾಯಿ, ಸಾಕ್ಷಿಗೆ ಆಗಲಿಕ್ಕಿಲ್ಲ."
ಆಗಲಿಕ್ಕಿಲ್ಲವೇನೋ.
ಆ ತಾರೀಕಿಗೆ ಚಿಮಣಿ ಹೊಗೆಯಾಡುತ್ತಿತ್ತು,
ಹಸನಬ್ಬರ ದೋಣಿ ನೇತ್ರಾವತಿಯಲ್ಲಿ ಮಣ್ಣು ತುಂಬಿಕೊಂಡು
ಅಂಚಿನವರೆಗೆ ತಗ್ಗಿ ಬರುತ್ತಿತ್ತು,
ಅಪ್ಪಿಯ ಮಂಡಿ ಮಡಚುತ್ತಿತ್ತು,
ಮೊಂತಿ, ಹೊಸವರ್ಷದ ಪೂಜೆ ಮುಗಿಸಿ,
ಇಗರ್ಜಿಯ ಅಂಗಿಯಲ್ಲೇ ಗೂಡಿಗೆ ಬೆಂಕಿ ನೋಡಲಿಕ್ಕೆ ಬಂದು
ತೋಳಿಗೆ ಮಸಿ ಮಾಡಿಕೊಂಡಿದ್ದ.
ಅವನ ಹೆಂಡತಿ ಬೈದದ್ದು ಈ ಕಿಟಕಿಯವರೆಗೆ ಕೇಳಿತ್ತು.

ಭಾನುವಾರ ಸಂಜೆ. ಕೊನೆಯ ಟೋಕನ್, ನಾನ್ನೂರ ಹನ್ನೆರಡು.
ಯಾರೋ ಹುಡುಗ. ಹದಿನೇಳು ದಿನ ಕೆಲಸ,
ಜಮೆ ಇನ್ನೂರ ಆರು ರೂಪಾಯಿ.
ಮುಖ ನೆನಪಾಗಲಿಲ್ಲ, ಎಷ್ಟು ಯೋಚಿಸಿದರೂ.
ಒತ್ತಿದೆ.
ಏನೂ ಆಗಲಿಲ್ಲ.
ಬಿಳಿಯ ಹಾಳೆ ತೆರೆದು ಅಂಟಿಸಿದೆ.
ಬಂದ.